ಉಕ್ಕಿಗೊಂದು ತೂತು

ನಮ್ಮೂರ ಸ್ಕೂಲಿನಲ್ಲಿ ಗಂಟೆ ಅಂತ ಹೊಡೆಯೋದು ಒಂದು ಲಾರಿ ಕಮಾನಿನ ಪ್ಲೇಟನ್ನ. ಯಾವ ಕಾಲದಲ್ಲಿ ಯಾವ ಲಾರಿಯಿಂದ ಬಂತೋ ಯಾರಿಗೂ ನೆನಪಿಲ್ಲ. ನಾನು ಒಂದನೇ ಕ್ಲಾಸಿಗೆ ಸೇರಿದಾಗಲೇ ಅದು ಹೊಂಗೆ ಮರದ ಕೊಂಬೆಗೆ ತಂತಿಯಲ್ಲಿ ನೇತಾಡ್ತಿತ್ತು. ಮೂರು ಬೆರಳು ಅಗಲ, ಒಂದೂವರೆ ಅಡಿ ಉದ್ದ, ಸ್ವಲ್ಪ ಬಾಗಿದ ತುಂಡು. ಕಮಾನಿನ ನಡುವೆ ಬೋಲ್ಟ್ ಹಾಕೋ ತೂತಿರುತ್ತಲ್ಲ, ಅದರಿಂದ ಬೆರಳಗಲ ಆಚೆಗೆ ಮುರಿದಿದ್ದ ಪ್ಲೇಟು ಅದು. ಹಾಗಾಗಿ ಆ ತೂತೇ ತಂತಿ ಪೋಣಿಸೋಕೆ ಸರಿಹೋಗಿತ್ತು. ಒಂದು ಕಬ್ಬಿಣದ ಸರಳಿನಿಂದ ಹೊಡೆದರೆ ಕೆರೆ ಏರಿ ಮೇಲೆ ದನ ಮೇಯಿಸೋರಿಗೂ ಕೇಳಿಸ್ತಿತ್ತು.

ಹೋದ ದಸರಾ ರಜೆಗೆ ಮುಂಚೆ ಆ ತೂತು ಅಂಚಿನ ಕಡೆಗೆ ಸೀಳಿ, ಪ್ಲೇಟು ಕೆಳಗೆ ಬಿತ್ತು. ಪುಣ್ಯಕ್ಕೆ ಕೆಳಗೆ ಯಾವ ಮಗುವೂ ಇರಲಿಲ್ಲ. ನಾನು ಊರಿಗೆ ಬಂದದ್ದು ಗೊತ್ತಾಗಿ ಹೆಡ್ ಮೇಷ್ಟ್ರು ಮನೆಗೇ ಬಂದರು. 'ನೀನು ಇಂಜಿನಿಯರ್ ಅಲ್ವೇನಪ್ಪ, ಇದಕ್ಕೊಂದು ಹೊಸ ತೂತು ಮಾಡಿಕೊಡು. ಸೋಮವಾರ ಸ್ಕೂಲು ಶುರು' ಅಂದರು. ನನ್ನ ಕಾರಿನ ಡಿಕ್ಕಿಯಲ್ಲಿ ಆನ್‌ಲೈನಲ್ಲಿ ತರಿಸಿದ ಡ್ರಿಲ್ ಮಷೀನಿತ್ತು. 'ಐದು ನಿಮಿಷದ ಕೆಲಸ ಬಿಡಿ ಸಾರ್' ಅಂದೆ.

ಇಲ್ಲೊಂದು ತಪ್ಪೊಪ್ಪಿಗೆ. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಬಿ.ಇ. ಮೊದಲ ವರ್ಷದಲ್ಲಿ ಎಲ್ಲರಿಗೂ ವರ್ಕ್‌ಶಾಪ್ ಲ್ಯಾಬ್ ಇರುತ್ತಲ್ಲ, ಅದರಲ್ಲಿ ನಾನು ಅರ ಉಜ್ಜಿದ್ದು ಎರಡು ವಾರ ಮಾತ್ರ. ಆಮೇಲೆ ಸೀನಿಯರ್ ಒಬ್ಬನ ಹಳೇ ಜಾಬ್ ಕೊಂಡು, ತುಕ್ಕು ತೆಗೆದು, ಅದನ್ನೇ ತೋರಿಸಿ ಪಾಸಾದೆ. ಆ ಪಾಪ ಹದಿನೈದು ವರ್ಷ ಕಾದಿದ್ದು ಆವತ್ತು ನನ್ನ ಹಿಡೀತು.

ಮೊದಲ ಬಿಟ್ ಕಿರೋ ಅಂತ ಕಿರುಚಿ, ಹೊಗೆ ಬಂದು, ತುದಿ ನೀಲಿಯಾಯ್ತು. ಮಷೀನಿನ ಸ್ಪೀಡು ಕಮ್ಮಿಯಾಯ್ತೇನೋ ಅಂದುಕೊಂಡು ಎರಡನೇದಕ್ಕೆ ಪೂರ್ತಿ ಸ್ಪೀಡು ಕೊಟ್ಟು ಮೈಭಾರವೆಲ್ಲ ಹಾಕಿದೆ. ಅದರ ಮೂಗು ದುಂಡಗಾಯ್ತು. ಮೂರನೇದು ಟಕ್ ಅಂತ ಮುರಿದು ಕಾಲ ಹತ್ತಿರ ಬಿತ್ತು. ಪ್ಲೇಟಿನ ಮೇಲೆ ಕಡಲೆಕಾಳಿನಷ್ಟು ಅಗಲದ, ಕನ್ನಡಿ ಥರ ಹೊಳೆಯೋ ಒಂದು ಚುಕ್ಕೆ ಬಿಟ್ಟರೆ ಏನೂ ಆಗಿರಲಿಲ್ಲ. ಹೆಡ್ ಮೇಷ್ಟ್ರು ಸುಮ್ಮನೆ ನಿಂತು ನೋಡಿ, 'ಆಚಾರ್ರ ಹತ್ರ ತಗೊಂಡ್ ಹೋಗೋಣ ಬಾ' ಅಂದರು.

ಆಚಾರ್ರ ಕುಲುಮೆಗೆ ಹೋಗೋ ಮೊದಲು, ಆ ಮೂರು ಬಿಟ್‌ಗಳು ಯಾಕೆ ಸತ್ತವು ಅಂತ ಹೇಳಬೇಕು. ಆವತ್ತು ರಾತ್ರಿಯೆಲ್ಲ ಕೂತು ನಾನು ಓದಿದ್ದು ಅದನ್ನೇ. ಓದ್ತಾ ಓದ್ತಾ ಕಥೆ ನಮ್ಮ ಹೊಲದ ಬದುವಿಗೇ ಬಂದು ನಿಂತಿತು.

ಉಕ್ಕನ್ನ ಕೊರೆಯೋ ಬಿಟ್ ಕೂಡ ಉಕ್ಕೇ. ಮೂಲ ಸಮಸ್ಯೆ ಅದು. ಕೊರೆಯೋದು ಕೊರೆಸಿಕೊಳ್ಳೋದಕ್ಕಿಂತ ಗಟ್ಟಿಯಾಗಿರಬೇಕು, ಸರಿ. ಆದರೆ ಕೊರೆಯುವಾಗ ಬಿಸಿ ಹುಟ್ಟುತ್ತೆ. ಉಕ್ಕಿಗೆ ಗಟ್ಟಿತನ ಬರೋದು ಚೆನ್ನಾಗಿ ಕಾಸಿ ತಟ್ಟನೆ ತಣಿಸೋದರಿಂದ. ಅದನ್ನೇ ಮತ್ತೆ ಬಿಸಿ ಮಾಡಿದರೆ ಗಟ್ಟಿತನ ಇಳಿದುಹೋಗುತ್ತೆ. ಬರೀ ಇಂಗಾಲದ ಉಕ್ಕಾದರೆ 250 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಮೆತ್ತಗಾಗೋಕೆ ಶುರು. ಈಗಿನ ಒಳ್ಳೆ ಬಿಟ್‌ಗಳು 600ರ ಹತ್ತಿರದವರೆಗೂ ತಡೀತವೆ. ಎಣ್ಣೆ ಇಲ್ಲದೆ, ಪೂರ್ತಿ ಸ್ಪೀಡಲ್ಲಿ, ಹದಗೊಂಡ ಕಮಾನಿನ ಮೇಲೆ ಒತ್ತಿದರೆ ಅವೂ ಸಾಯ್ತವೆ. ಆ ಹೊಳೆಯೋ ಚುಕ್ಕೆಯ ಕಥೆ ಇನ್ನೂ ಚೆನ್ನಾಗಿದೆ. ಉಜ್ಜಿದ ಬಿಸಿಗೆ ಪ್ಲೇಟಿನ ಮೇಲ್ಮೈ ಕೆಂಪಗೆ ಕಾದು, ಸುತ್ತಲಿನ ತಣ್ಣನೆ ಲೋಹ ಆ ಬಿಸಿಯನ್ನ ಕ್ಷಣದಲ್ಲಿ ಹೀರಿಕೊಂಡು, ಆ ಜಾಗ ಮೊದಲಿಗಿಂತ ಗಟ್ಟಿಯಾಗಿಬಿಡುತ್ತೆ. ಅಂದರೆ ತೂತು ಮಾಡೋಕೆ ಹೋಗಿ ನಾನು ಆ ಜಾಗಕ್ಕೆ ಇನ್ನೊಂದು ಸಲ ಹದ ಕೊಟ್ಟು ಬಂದಿದ್ದೆ.

ಈಗ ಇತಿಹಾಸ. ನಮ್ಮ ಹೊಲದಲ್ಲಿ ನಿಂತರೆ ಚನ್ನರಾಯನದುರ್ಗದ ಬೆಟ್ಟ ಕಾಣುತ್ತೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಸ್ಕಾಟ್ಲೆಂಡಿನ ಡಾಕ್ಟರು ಈ ಕಡೆ ಬಂದ. ಗೆದ್ದ ನಾಡಿನಲ್ಲಿ ಏನೇನಿದೆ ಅಂತ ಬರೆದುಕೊಂಡು ಬಾ ಅಂತ ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ್ದ. ಬುಕಾನನ್ ಬರೆದದ್ದು 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾಯ್ತು. ಮಧುಗಿರಿ, ಚನ್ನರಾಯನದುರ್ಗದ ಸುತ್ತ ಮಳೆಗಾಲದಲ್ಲಿ ಹಳ್ಳದಲ್ಲಿ ಹರಿದುಬರೋ ಕಪ್ಪು ಮರಳಿಂದ ಕಬ್ಬಿಣ ತೆಗೆಯೋರನ್ನ ಅವನು ನೋಡಿದ. ಆ ಕಪ್ಪು ಮರಳು ಈಗಲೂ ಇದೆ. ಚಿಕ್ಕವರಿದ್ದಾಗ ಕೆಟ್ಟ ರೇಡಿಯೋದ ಮ್ಯಾಗ್ನೆಟ್ಟಿಗೆ ದಾರ ಕಟ್ಟಿ ಹಳ್ಳದಲ್ಲಿ ಎಳೆದರೆ ಮೀಸೆ ಥರ ಅಂಟಿಕೊಂಡು ಬರ್ತಿತ್ತು.

ಕಬ್ಬಿಣವನ್ನ ಉಕ್ಕು ಮಾಡೋ ರೀತಿಯನ್ನೂ ಅವನು ಬಿಡಿಸಿ ಬರೆದ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ ಇದ್ದಿಲ ಬೆಂಕಿಯಲ್ಲಿಟ್ಟು ಗಂಟೆಗಟ್ಟಲೆ ತಿದಿ ಒತ್ತೋದು. ಒಳಗಿನ ಕಡ್ಡಿ, ಎಲೆ ಸುಟ್ಟು ಇಂಗಾಲವಾಗಿ ಕಬ್ಬಿಣಕ್ಕೆ ಸೇರಿಕೊಳ್ಳುತ್ತೆ. ತಂಗಡಿ ಅಂದರೆ ಅದೇ, ನಮ್ಮ ರಸ್ತೆ ಪಕ್ಕದ ಬೀಳು ಜಮೀನಲ್ಲಿ ಹಳದಿ ಹೂ ಬಿಟ್ಟು ನಿಂತಿರುತ್ತಲ್ಲ, ಆಡು ಕೂಡ ಸರಿಯಾಗಿ ಮೂಸದ ಗಿಡ. ಹೀಗೆ ಬಂದ ಉಕ್ಕಿನ ಗಟ್ಟಿ ಏನಾಗ್ತಿತ್ತು? ಕತ್ತಿಯೂ ಆಗ್ತಿತ್ತು. ಆದರೆ ಬುಕಾನನ್ ಕೊಟ್ಟ ಉಪಯೋಗಗಳಲ್ಲಿ ನನಗೆ ಇಷ್ಟವಾದದ್ದು ಕಲ್ಲುಕುಟಿಗರ ಉಳಿ. ಈ ನಾಡು ಪೂರ್ತಿ ಬಂಡೆ. ಬಾವಿ, ಗುಡಿ, ಕೋಟೆ, ಕಂಬ, ಏನು ಮಾಡಬೇಕಾದರೂ ಬಂಡೆಗಿಂತ ಗಟ್ಟಿ ಇರೋದೊಂದು ಕೈಯಲ್ಲಿರಬೇಕಿತ್ತು. ಇತ್ತ ಚನ್ನಪಟ್ಟಣದಲ್ಲಿ ಉಕ್ಕನ್ನ ತಂತಿಯಾಗಿ ಎಳೆದು ವಾದ್ಯಗಳಿಗೆ ಕಟ್ತಿದ್ದರು.

ಅಷ್ಟೊತ್ತಿಗಾಗಲೇ ಈ ಉಕ್ಕಿನ ಗಟ್ಟಿಗಳು ಬಾಂಬೆಯಿಂದ ಹಡಗು ಹತ್ತಿ ಲಂಡನ್ ತಲುಪಿದ್ದವು. 1795ರಲ್ಲಿ ಜಾರ್ಜ್ ಪಿಯರ್ಸನ್ ಅನ್ನೋನು ರಾಯಲ್ ಸೊಸೈಟಿಯಲ್ಲಿ ಇದರ ಬಗ್ಗೆ ಪ್ರಬಂಧ ಓದಿದ. ಅದರಲ್ಲಿ ಇದರ ಹೆಸರು 'ವೂಟ್ಜ್'. ನಮ್ಮ 'ಉಕ್ಕು' ಅನ್ನೋ ಪದವೇ ಯಾರದೋ ಕಿವಿಯಲ್ಲೋ ಕೈಬರಹದಲ್ಲೋ ಕೆಟ್ಟು ಹಾಗಾಯ್ತು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ತೆಲುಗಿನಲ್ಲೂ ಅದು ಉಕ್ಕೇ, ಹಾಗಾಗಿ ನಾವೊಬ್ಬರೇ ಎದೆ ಉಬ್ಬಿಸೋಕೆ ಬರಲ್ಲ.

ಆಮೇಲೆ ಸುಮಾರು ಮೂವತ್ತು ವರ್ಷ ಇಂಗ್ಲೆಂಡಿನ ದೊಡ್ಡ ತಲೆಗಳೆಲ್ಲ ಈ ಗಟ್ಟಿಯ ಹಿಂದೆ ಬಿದ್ದವು. ವಿದ್ಯುತ್ತಿನ ಮೈಕೆಲ್ ಫ್ಯಾರಡೆ ಕೂಡ. ಅವನಪ್ಪ ಕಮ್ಮಾರ ಅನ್ನೋದು ನಮ್ಮ ಪಿಯುಸಿ ಪುಸ್ತಕದಲ್ಲಿರಲಿಲ್ಲ. ಶಸ್ತ್ರಚಿಕಿತ್ಸೆಯ ಚಾಕು ಮಾಡೋ ಜೇಮ್ಸ್ ಸ್ಟೊಡಾರ್ಟ್ ಜೊತೆ ಸೇರಿ ಫ್ಯಾರಡೆ ವೂಟ್ಜಿನ ಗುಟ್ಟು ಹುಡುಕ್ತಾ, ಉಕ್ಕಿಗೆ ಪ್ಲಾಟಿನಂ, ಬೆಳ್ಳಿ ಎಲ್ಲ ಬೆರೆಸಿ ನೋಡಿದ. 1820, 1822ರಲ್ಲಿ ಬರೆದೂ ಬರೆದರು. ಗುಟ್ಟು ಅವರಿಗೆ ಸರಿಯಾಗಿ ಸಿಗಲಿಲ್ಲ. ಆದರೆ ಉಕ್ಕಿಗೆ ಬೇರೆ ಲೋಹ ಬೆರೆಸಿದರೆ ಏನಾಗುತ್ತೆ ಅನ್ನೋ ಅಭ್ಯಾಸ ಗಟ್ಟಿಯಾಗಿ ಬೇರು ಬಿಟ್ಟದ್ದು ಅಲ್ಲಿ.

ನನಗೆ ಹೆಚ್ಚು ರುಚಿಸಿದ್ದು ಒಂದು ಅಪ್ಪ-ಮಗನ ಕಥೆ. ಡೇವಿಡ್ ಮುಶೆಟ್ ಅನ್ನೋ ಕಬ್ಬಿಣದ ಪರಿಣತ 1805ರಲ್ಲಿ ವೂಟ್ಜ್ ಮೇಲೆ ತನ್ನ ಪ್ರಯೋಗಗಳನ್ನ ಅದೇ ರಾಯಲ್ ಸೊಸೈಟಿಗೆ ಬರೆದ. ಇದರಲ್ಲಿ ಇಂಗಾಲ ಜಾಸ್ತಿ ಇದೆ ಅನ್ನೋದು ಅವನಿಗೆ ಹೊಳೆದಿತ್ತು, ಅದು ಸರಿಯೂ ಹೌದು. ನಮ್ಮ ಉಕ್ಕಿನಲ್ಲಿ ಒಂದೂವರೆ ಪರ್ಸೆಂಟಿನ ಆಸುಪಾಸು ಇಂಗಾಲ ಇರ್ತಿತ್ತು. ಅವನ ಕಿರಿಮಗ ರಾಬರ್ಟ್ ಮುಶೆಟ್ 1868ರಲ್ಲಿ ಉಕ್ಕಿಗೆ ಟಂಗ್‌ಸ್ಟನ್ ಬೆರೆಸಿದ. ಅದನ್ನ ನೀರಿಗೆ ಅದ್ದೋದೇ ಬೇಡ, ಗಾಳಿಗೆ ಆರಿದರೂ ಗಟ್ಟಿಯಾಗ್ತಿತ್ತು, ಬಿಸಿಗೆ ಬೇಗ ಸೋಲ್ತಿರಲಿಲ್ಲ. ಉಕ್ಕು ಕಡಿಯೋ ಉಕ್ಕಿನ ವಂಶ ಶುರುವಾದದ್ದು ಇಲ್ಲಿಂದ.

ಮುಂದಿನದು ಅಮೆರಿಕದ ಬೆಥ್ಲೆಹೆಮ್ ಸ್ಟೀಲ್ ಕಂಪನಿಯಲ್ಲಿ. ಫ್ರೆಡರಿಕ್ ಟೇಲರ್, ಮಾನ್ಸೆಲ್ ವೈಟ್ ಅನ್ನೋ ಇಬ್ಬರು ಇಂಥ ಉಕ್ಕನ್ನ ಯಾವ ಕಮ್ಮಾರನೂ ಧೈರ್ಯ ಮಾಡದಷ್ಟು, ಕರಗೋ ಮಟ್ಟದ ಹತ್ತಿರದವರೆಗೆ ಕಾಸಿ ನೋಡಿದರು. ಹಾಳಾಗಬೇಕಿದ್ದ ಉಳಿ ಇಮ್ಮಡಿ ಕೆಲಸ ಮಾಡ್ತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಆ ಉಳಿಯ ತುದಿ ಕೆಂಪಗೆ ಉರೀತಾ ಉಕ್ಕು ಕಡೀತಿದ್ದದ್ದನ್ನ ಜನ ನೋಡಿದರು. ಈಗ ನಾವು ಹೈಸ್ಪೀಡ್ ಸ್ಟೀಲ್, ಎಚ್‌ಎಸ್‌ಎಸ್ ಅನ್ನೋದು ಅದರ ಮರಿಮಕ್ಕಳನ್ನೇ. ಅಂದಹಾಗೆ ಈ ಟೇಲರ್ ಬೇರೆ ಯಾರೂ ಅಲ್ಲ, ಕಾರ್ಮಿಕರ ಪಕ್ಕ ಸ್ಟಾಪ್‌ವಾಚ್ ಹಿಡಿದು ನಿಂತು ಅವರ ಒಂದೊಂದು ಕೈಚಲನೆಯನ್ನೂ ಲೆಕ್ಕ ಹಾಕಿದ ಅದೇ ಪುಣ್ಯಾತ್ಮ. ಶುಕ್ರವಾರ ಸಂಜೆ ಟೈಮ್‌ಶೀಟ್ ತುಂಬುವಾಗ ಅವನನ್ನೊಮ್ಮೆ ನೆನೆಸಿಕೊಳ್ಳಿ.

ಕೊನೆಯ ಮೆಟ್ಟಿಲು ಜರ್ಮನಿ. ಬಲ್ಬಿನೊಳಗಿನ ಸಣ್ಣ ತಂತಿ ಎಳೆಯೋಕೆ ವಜ್ರದ ಅಚ್ಚು ಬೇಕಿತ್ತು, ವಜ್ರ ದುಬಾರಿ. ಅದಕ್ಕೆ ಬದಲಿ ಹುಡುಕ್ತಾ ಓಸ್ರಾಮ್ ಕಂಪನಿಯವರು ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನ ಲೋಹದ ಅಂಟಿನಲ್ಲಿ ಬೇಯಿಸಿ ಗಟ್ಟಿ ಮಾಡಿದರು. 1920ರ ದಶಕದ ಕೊನೆಗೆ ಕ್ರುಪ್ ಕಂಪನಿ ಅದನ್ನ 'ವಿಡಿಯಾ' ಅಂತ ಮಾರಿತು. ಜರ್ಮನ್ ಭಾಷೆಯಲ್ಲಿ 'ವಜ್ರದಂತೆ' ಅನ್ನೋದರ ಮೊಟಕು ಅದು. ನಿಮ್ಮ ಫ್ಲ್ಯಾಟಿನ ಗೋಡೆಗೆ ಟೀವಿ ಹಾಕೋನು ತರೋ ಬಿಟ್‌ನ ಮೂತಿಯಲ್ಲಿ ಬೇರೆ ಬಣ್ಣದ ಒಂದು ಚೂರು ಕಾಣುತ್ತಲ್ಲ, ಅದು ಇದೇ ಜಾತಿ. 1960ರ ದಶಕದಲ್ಲಿ ವಿಡಿಯಾ ಬೆಂಗಳೂರಿನ ತುಮಕೂರು ರಸ್ತೆಗೇ ಬಂತು. ಈಗ ಅದರ ಹೆಸರು ಕೆನ್ನಾಮೆಟಲ್. ನಾಗಸಂದ್ರದ ಹತ್ತಿರ ಆ ಫ್ಯಾಕ್ಟರಿ ಮುಂದೆಯೇ ನಮ್ಮೂರ ಕಡೆಯ ಬಸ್ಸು ಹಾದುಹೋಗೋದು. ಇಪ್ಪತ್ತು ವರ್ಷ ಅದನ್ನ ಕಿಟಕಿಯಲ್ಲಿ ನೋಡ್ತಾ ನಿದ್ದೆ ಹೋಗಿದ್ದೀನಿ.

ನಮ್ಮ ಹಳ್ಳದ ಮರಳಿಂದ ತುಮಕೂರು ರಸ್ತೆಗೆ ಬರೋಕೆ ಉಕ್ಕು ಲಂಡನ್, ಅಮೆರಿಕ, ಜರ್ಮನಿ ಸುತ್ತಿಕೊಂಡು ಬಂತು ಅನ್ನಿ. ಇದನ್ನ ಕೇಳಿದ ತಕ್ಷಣ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಮೆಸೇಜ್ ಬರುತ್ತೆ ಅಂತ ಗೊತ್ತು: ನಮ್ಮ ಗುಟ್ಟು ಕದ್ದು ಅವರು ದೊಡ್ಡವರಾದರು. ನನಗೆ ಹಾಗನ್ನಿಸಲ್ಲ. ಕದಿಯೋಕೆ ಬಂದೋರಿಗೆ ಗುಟ್ಟೇ ಸಿಕ್ಕಿರಲಿಲ್ಲ, ಮೇಲೆ ಹೇಳಿದೆನಲ್ಲ. ನಮ್ಮಲ್ಲಿ ಉಕ್ಕು ಮಾಡೋದು ನಿಂತದ್ದಕ್ಕೆ ಕಾರಣ ಇನ್ನೂ ಸಾದಾ. ಹಡಗಿನಲ್ಲಿ ಬಂದ ಇಂಗ್ಲಿಷ್ ಕಬ್ಬಿಣ ಅಗ್ಗವಾಯ್ತು. ಕಾಡಿಗೆ ಕಾನೂನು ಬಂದು ಇದ್ದಿಲು ಸುಡೋದು ಕಷ್ಟವಾಯ್ತು. ಹಗಲು ರಾತ್ರಿ ತಿದಿ ಒತ್ತೋನಿಗೆ ಊಟಕ್ಕಾಗೋಷ್ಟು ಹುಟ್ಟದೇ ಇದ್ದಾಗ ಅವನು ಕೂಲಿಗೆ ಹೋದ. 1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆ ಶುರುವಾಗುವಷ್ಟರಲ್ಲಿ ಹಳ್ಳಿಯ ಮೂಸೆಗಳು ಮಣ್ಣು ಸೇರಿಯಾಗಿತ್ತು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಆ ಮೂಸೆಯ ಚೂರುಗಳನ್ನ ಪುರಾತತ್ವದವರು ಹೆಕ್ಕಿ ಪರೀಕ್ಷೆ ಮಾಡಿದ್ದಾರೆ.

ಉಕ್ಕು ಮಾಡೋದು ನಿಂತರೂ ಉಕ್ಕನ್ನ ತಿದ್ದೋದು ನಿಲ್ಲಲಿಲ್ಲ. ಊರ ಕುಲುಮೆಗೆ ಈಗ ಉಕ್ಕು ಬರೋದು ಗುಜರಿಯಿಂದ. ಲಾರಿ ಕಮಾನು ಅಂದರೆ ಅರ್ಧ ಪರ್ಸೆಂಟಿಗಿಂತ ಸ್ವಲ್ಪ ಹೆಚ್ಚು ಇಂಗಾಲ, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಇರೋ ಒಳ್ಳೆ ಉಕ್ಕು. ನಮ್ಮೂರ ಮಚ್ಚು, ಕುಡುಗೋಲು, ಕೊಡಲಿ ಎಲ್ಲ ಒಂದಾನೊಂದು ಕಾಲದಲ್ಲಿ ಯಾವುದೋ ಲೋಡು ಹೊತ್ತಿದ್ದವೇ.

ಆ ಕುಲುಮೆಗೂ ನನಗೂ ಹಳೇ ಲೆಕ್ಕವಿದೆ. ಬೇಸಿಗೆಯಲ್ಲಿ ನೇಗಿಲ ಕುಳ ಹೊತ್ತುಕೊಂಡು ತಟ್ಟಿಸೋಕೆ ಹೋಗ್ತಿದ್ದದ್ದು ನಾನೇ. ದುಡ್ಡು ಕೊಡೋ ಪದ್ಧತಿ ಇರಲಿಲ್ಲ. ಸುಗ್ಗಿಯಲ್ಲಿ ಆಚಾರ್ರು ಕಣಕ್ಕೆ ಬಂದಾಗ ಆಯ ಅಂತ ರಾಗಿ ಅಳೀತಿದ್ದರು. ನಮ್ಮ ತಾತ ಬೇರೆ ಎಲ್ಲ ವಿಷಯದಲ್ಲೂ ಧಾರಾಳಿ. ಆದರೆ ಆಯ ಅಳೆಯುವಾಗ ಕೊಳಗದ ಮೇಲೆ ರಾಗಿ ಗೋಪುರ ನಿಲ್ಲೋಕೆ ಬಿಡ್ತಿರಲಿಲ್ಲ, ಅಂಗೈಯಲ್ಲಿ ಸವರಿ ಸಮ ಮಾಡ್ತಿದ್ದರು. ಆಚಾರ್ರು ಬೇರೆ ಕಡೆ ನೋಡ್ತಾ ನಿಂತಿರ್ತಿದ್ದರು. ಬುಕಾನನ್ ಕಾಲದ ಉಕ್ಕಿನವನು ಯಾಕೆ ಕೂಲಿಗೆ ಹೋದ ಅಂತ ಓದುವಾಗ ನನಗೆ ಕಂಡದ್ದು ಆ ಅಂಗೈ.

ಮಾರನೇ ದಿನ ಬೆಳಗ್ಗೆ ಹೋದಾಗ ಆಚಾರ್ರು ಪ್ಲೇಟನ್ನ ತಿರುಗಿಸಿ ನೋಡಿ, ಹೊಳೆಯೋ ಚುಕ್ಕೆ ಮೇಲೆ ಉಗುರಾಡಿಸಿ ನಕ್ಕರು.

'ಯಾರಪ್ಪ ಇದು ಮಾಡಿದ್ದು?'

'ನಾನೇ ಆಚಾರ್ರೇ.'

'ಉಕ್ಕಿಗೆ ತಣ್ಣಗಿದ್ದಾಗ ಹೇಳಿದ್ರೆ ಕೇಳ್ತದೇನಪ್ಪ? ಕಾಸಿ ಹೇಳ್ಬೇಕು.'

ತಿದಿ ಹೋಗಿ ಕರೆಂಟಿನ ಬ್ಲೋವರ್ ಬಂದಿದೆ, ಉಳಿದದ್ದೆಲ್ಲ ಹಾಗೇ ಇದೆ. ಕುಲುಮೆ ಯಾಕೆ ಇಷ್ಟು ಕತ್ತಲೆ ಅಂತ ಚಿಕ್ಕಂದಿನಲ್ಲಿ ಅನ್ನಿಸ್ತಿತ್ತು. ಬಿಸಿಲಲ್ಲಿ ಕಾದ ಕಬ್ಬಿಣದ ಬಣ್ಣ ಕಾಣಲ್ಲ, ಅವರಿಗೆ ಆ ಬಣ್ಣವೇ ಥರ್ಮಾಮೀಟರು. ಪ್ಲೇಟಿನ ಮುಕ್ಕಾಲು ಭಾಗಕ್ಕೆ ನೆನೆಸಿದ ಗೋಣಿಚೀಲ ಸುತ್ತಿ, ನಾಲ್ಕು ಬೆರಳು ತುದಿ ಮಾತ್ರ ಬೆಂಕಿಗೆ ಕೊಟ್ಟರು. ಚೀಲದಿಂದ ಆವಿ ಏಳುವಾಗ ಆಗಾಗ ನೀರು ಚಿಮುಕಿಸೋದು ನನ್ನ ಕೆಲಸ. ತುದಿ ಕೆಂಪು ದಾಟಿ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟರು. ತೂತು ಹಾಕೋ ಉಳಿ ಇಟ್ಟು ನಾಲ್ಕೇ ಏಟು. ತಿರುಗಿಸಿ, ಹಿಂದೆ ಕಪ್ಪಗೆ ಕಾಣೋ ಜಾಗಕ್ಕೆ ಮತ್ತೆ ಉಳಿ ಇಟ್ಟು ಒಂದೇಟು. ಎಂಟಾಣೆಯಷ್ಟು ಅಗಲದ ಬಿಲ್ಲೆ ಒಂದು ಟಣ್ ಅಂತ ಬೂದಿಗೆ ಬಿತ್ತು. ಇನ್ನೊಂದು ಕಾವಿಗೆ ಬಾಯಿ ದೊಡ್ಡದು ಮಾಡಿ, ಅಂಚು ದುಂಡಗೆ ತಟ್ಟಿದರು. ಡ್ರಿಲ್ಲಾಗಿದ್ದರೆ ಆ ಜಾಗದ ಉಕ್ಕನ್ನೆಲ್ಲ ಪುಡಿ ಮಾಡಿ ಹೊರಗೆ ಹಾಕ್ತಿತ್ತು. ಇಲ್ಲಿ ಬಿಲ್ಲೆಯಷ್ಟು ಬಿಟ್ಟು ಉಳಿದದ್ದು ಪಕ್ಕಕ್ಕೆ ಸರಿದು ತೂತಿನ ಸುತ್ತ ದಪ್ಪ ಕಟ್ಟಿಕೊಂಡು ನಿಂತಿತು.

ಈಗ ನೀರಿಗೋ ಎಣ್ಣೆಗೋ ಅದ್ದುತ್ತಾರೆ ಅಂತ ಕಾದೆ. ಅವರು ತುದಿಯನ್ನ ಬೂದಿಗುಂಡಿಯೊಳಗೆ ಹೂತುಬಿಟ್ಟರು.

'ಹದ ಕೊಡಲ್ವಾ?'

'ನೇತಾಡೋ ಜಾಗ ಮೆತ್ತಗಿರ್ಲಿ, ಹೊಡೆಸ್ಕೊಳ್ಳೋ ಜಾಗ ಗಟ್ಟಿಗಿರ್ಲಿ. ಹಳೇ ತೂತು ಸೀಳಿದ್ದೇ ಗಟ್ಟಿಗಿತ್ತು ಅಂತ.'

ಆರೋವರೆಗೆ ಕೂತು ಮಾತಾಡಿದೆವು. ಯುಗಾದಿವರೆಗೆ ನಡೆಸಿ ಕುಲುಮೆ ಮುಚ್ತಾರಂತೆ, ಭುಜ ಏಳಲ್ಲ. ಸಂತೆಯಲ್ಲಿ ರೆಡಿಮೇಡ್ ಮಚ್ಚು ಸಿಗುತ್ತೆ, ನೇಗಿಲು ಹೋಗಿ ಟ್ರ್ಯಾಕ್ಟರು ಬಂದಾಯ್ತು. ಮೊಮ್ಮಗ ಪೀಣ್ಯದಲ್ಲಿ ಸಿಎನ್‌ಸಿ ಆಪರೇಟರು. ಅವನ ಮಷೀನಿನಲ್ಲಿ ಸವೆದ ಕಾರ್ಬೈಡ್ ತುದಿಗಳನ್ನ ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹಾಕ್ತಾರಂತೆ. ಕಬ್ಬಿಣಕ್ಕಿಂತ ಎಷ್ಟೋ ಪಾಲು ಜಾಸ್ತಿ ರೇಟು ಅಂತ ಆಚಾರ್ರಿಗೆ ಆಶ್ಚರ್ಯ. 'ಒಂದ್ ಸಲ ತಂದು ಕೊಟ್ಟಿದ್ದ. ಕಾಸಿದೆ, ಬಗ್ಗಲೇ ಇಲ್ಲ. ಬಡಿದೆ, ಪುಡಿಯಾಯ್ತು. ಅದು ಕಬ್ಬಿಣದ ಜಾತಿ ಅಲ್ಲ ಬಿಡು' ಅಂದರು. ಸರಿಯಾಗಿಯೇ ಹೇಳಿದ್ದರು.

ನಾನು ವೂಟ್ಜ್ ಕಥೆ ಹೇಳಿದೆ. ತಂಗಡಿ ಕಡ್ಡಿ ಅಂದಾಗ ತಲೆಯೆತ್ತಿದರು. ಲಂಡನ್ನು, ಫ್ಯಾರಡೆ ಎಲ್ಲ ಸುಮ್ಮನೆ ಕೇಳಿಸಿಕೊಂಡು, ಕೊನೆಗೆ ಕೇಳಿದ್ದು ಒಂದೇ: 'ಉಕ್ಕು ಅನ್ನಕ್ಕೇ ಬರ್ನಿಲ್ವಾ ಅವರ್ಗೆ?'

ಹೊರಡುವಾಗ ಇನ್ನೂರು ರೂಪಾಯಿ ಅಂದರು. ಐನೂರು ಕೊಟ್ಟೆ. ಮುನ್ನೂರು ವಾಪಸ್ ಕೊಟ್ಟು, 'ಆ ಸತ್ತ ಬಿಟ್ ಇದ್ರೆ ಕೊಡು' ಅಂದರು. ಜೇಬಲ್ಲೇ ಇದ್ದವು. ಒಂದನ್ನ ಸಾಣೆ ಮಷೀನಿಗೆ ಮುಟ್ಟಿಸಿದರು. ಕಮಾನಿನ ತುಂಡು ಮುಟ್ಟಿಸಿದರೆ ಹಬ್ಬದ ಸುರುಸುರು ಬತ್ತಿ ಥರ ಬೆಳ್ಳಗೆ ಸಿಡೀತಿತ್ತು. ಇದು ಮಂಕು ಕೆಂಪಾಗಿ, ಎಳೆ ಎಳೆಯಾಗಿ, ಸಿಡಿಯದೆ ಹೊರಟಿತು.

'ಇದರೊಳಗೆ ಏನೋ ಬೇರೆ ಹಾಕವ್ರೆ. ಏನು?'

'ಟಂಗ್‌ಸ್ಟನ್ ಅಂತ. ಮಾಲಿಬ್ಡಿನಂ ಅಂತ ಇನ್ನೊಂದು.'

ಅವರು ಇನ್ನೊಂದು ಸಲ ಮುಟ್ಟಿಸಿ ಕಿಡಿ ನೋಡಿದರು. ಆಮೇಲೆ ಮೂರನ್ನೂ ಒಂದು ಡಬ್ಬಿಗೆ ಹಾಕಿ ಗೂಡಿನಲ್ಲಿಟ್ಟರು. ಸೋಮವಾರ ಬೆಳಗ್ಗೆ ಬೆಂಗಳೂರಿಗೆ ಕಾರು ತಿರುಗಿಸ್ತಿದ್ದಾಗ ಪ್ರಾರ್ಥನೆಯ ಗಂಟೆ ಕೇಳಿಸಿತು. ಹೊಡೀತಿದ್ದವನು ಲೆಕ್ಕ ತಪ್ಪಿ ಇನ್ನೂ ಹೊಡೀತಾನೇ ಇದ್ದ.